ಬೂತಾಯಿಗೆ ಬೇಕಾದ ವಾಸನೆ

ಮುದಿ ಬೆಕ್ಕು ಬೂತಾಯಿ ಬಟ್ಟಲಿನ ಹತ್ತಿರ ಬಂದಿತು, ಮೂಗು ಚಾಚಿತು, ಒಂದು ಹೆಜ್ಜೆ ಹಿಂದೆ ಸರಿದು ಮುಂಗಾಲಿನಿಂದ ನೆಲವನ್ನು ಪರಪರನೆ ಕೆರೆಯತೊಡಗಿತು. ಇಲ್ಲದ ಮಣ್ಣನ್ನು ಎಳೆದೆಳೆದು ಬಟ್ಟಲಿನ ಮೇಲೆ ಹೊದಿಸುವ ಅದರ ಶ್ರದ್ಧೆಯನ್ನು ಕಂಡು ಸುಚೇತಾಳ ಕಿವಿ ಬಿಸಿಯಾಯಿತು.

"ಹೇತದ್ದನ್ನು ಮುಚ್ಚುವ ಹಾಗೆ ಮುಚ್ತಾ ಉಂಟು ನೋಡು," ಎಂದರು ಅತ್ತೆ ಕಮಲಮ್ಮ, ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸದೆ. "ನಿನ್ನ ಮದ್ದಿನ ಊಟಕ್ಕೆ ಅದು ಕೊಟ್ಟ ಸರ್ಟಿಫಿಕೇಟು."

"ಅದು ಮದ್ದಲ್ಲ ಅತ್ತೆ, ಆಹಾರ."

"ತಿಂದ್ರೆ ಆಹಾರ. ತಿನ್ನದಿದ್ರೆ ಅದಕ್ಕೆ ಎಂತ ಹೇಳುದು?"

ಮಂಗಳೂರಿನ ಗುಡ್ಡವೊಂದರ ಮೇಲಿದ್ದ ಸಾಕುಪ್ರಾಣಿಗಳ ಆಹಾರ ಪ್ರಯೋಗಾಲಯದಲ್ಲಿ ಬೆಕ್ಕುಗಳ ವಿಭಾಗ ಸುಚೇತಾಳದೇ. ಮೂತ್ರಪಿಂಡ ಸೋತ ಬೆಕ್ಕುಗಳಿಗೆ ಅವಳು ರೂಪಿಸಿದ ಆಹಾರ ಮೂರು ರಾಜ್ಯಗಳ ಚಿಕಿತ್ಸಾಲಯಗಳಿಗೆ ಹೋಗುತ್ತಿತ್ತು. ಅದರ ಹಿಂದಿನ ತರ್ಕ ಸರಳವಾದದ್ದು. ಒಮ್ಮೆ ಕೆಟ್ಟ ಮೂತ್ರಪಿಂಡವನ್ನು ರಿಪೇರಿ ಮಾಡಲಾಗದು, ಅದರ ಹೊರೆಯನ್ನು ಇಳಿಸಬಹುದು ಅಷ್ಟೆ. ಆದ್ದರಿಂದ ರಂಜಕ ಕಡಿಮೆಯಿರಬೇಕು, ಪ್ರೋಟೀನು ಅಳತೆಯಲ್ಲಿದ್ದು ಉತ್ತಮ ದರ್ಜೆಯದಾಗಿರಬೇಕು, ನೀರಿನ ಅಂಶ ಧಾರಾಳವಾಗಿರಬೇಕು, ಸ್ವಲ್ಪ ಮೀನೆಣ್ಣೆ ಸೇರಬೇಕು. ಇಷ್ಟನ್ನು ಪಾಲಿಸಿದರೆ ಬೆಕ್ಕಿನ ಆಯುಸ್ಸಿಗೆ ವರ್ಷಗಳೇ ಸೇರುತ್ತವೆ. ಆದರೆ ರಕ್ತದಲ್ಲಿ ಯೂರಿಯಾ ಏರಿದ ಬೆಕ್ಕಿಗೆ ಹೊಟ್ಟೆ ತೊಳಸುತ್ತದೆ, ಅನ್ನವೇ ಬೇಡವಾಗುತ್ತದೆ. ಉಪವಾಸ ಬಿದ್ದ ಬೆಕ್ಕನ್ನು ಮೂತ್ರಪಿಂಡಕ್ಕಿಂತ ಬೇಗ ಅದರ ಯಕೃತ್ತು ಕೊಲ್ಲುತ್ತದೆ. ಎಷ್ಟು ಕರಾರುವಾಕ್ಕಾದ ಆಹಾರವಾದರೂ ಕೊನೆಯ ತೀರ್ಪು ಒಂದು ಸಣ್ಣ ಮೂಗಿನದು.

ಬೇರೆಯವರ ಬೆಕ್ಕುಗಳು ಅವಳ ಆಹಾರವನ್ನು ಹೆಚ್ಚುಕಡಿಮೆ ಒಪ್ಪಿದ್ದವು. ಒಪ್ಪದೇ ಇದ್ದದ್ದು ಅದೇ ರೋಗ ಹಿಡಿದಿದ್ದ ಅವಳ ಮನೆಯ ಬೆಕ್ಕು.

ಅವಳ ಮನೆಯದು ಎನ್ನುವುದೂ ಅಷ್ಟು ಸರಿಯಲ್ಲ. ಬೂತಾಯಿ ಮೀನಿನಂತೆಯೇ ಬೆಳ್ಳಿಬೂದು ಬಣ್ಣವಿದ್ದ ಮರಿಗೆ ಆ ಹೆಸರಿಟ್ಟವಳು ಜಲಜಾಕ್ಷಿ, ಸುಚೇತಾಳ ಗಂಡ ದಯಾಕರನ ಮೊದಲ ಹೆಂಡತಿ. ಜಲಜಾಕ್ಷಿ ಐದು ವರ್ಷಗಳ ಹಿಂದೆ ಜ್ವರವೊಂದರಲ್ಲಿ ತೀರಿಕೊಂಡಳು. ಸುಚೇತಾ ಈ ಮನೆಗೆ ಬಂದು ಎರಡು ವರ್ಷ. ಬಂದ ದಿನದಿಂದಲೂ ಮನೆಯವರು ಅವಳೆದುರು ಆ ಹೆಸರನ್ನು ಜಾಗ್ರತೆಯಿಂದ ತಪ್ಪಿಸುತ್ತಿದ್ದರು. ಅತ್ತೆ "ಜಲ—" ಎಂದು ಶುರುಮಾಡಿದ ಮಾತನ್ನು ಕೆಮ್ಮಿನಲ್ಲಿ ಮುಗಿಸುತ್ತಿದ್ದರು. ದಯಾಕರನಂತೂ ಹಳೆಯ ಸಂಗತಿ ಬಂದಾಗಲೆಲ್ಲ "ಆವಾಗ" ಎನ್ನುತ್ತಿದ್ದ. ಆ ಒಂದು ಪದದೊಳಗೆ ಒಬ್ಬ ಹೆಂಗಸು ಅಡಗಿ ಕುಳಿತಿದ್ದಾಳೆಂದು ಸುಚೇತಾಳಿಗೆ ಅನಿಸುತ್ತಿತ್ತು.

ಬೆಕ್ಕಿಗೆ ಮಾತ್ರ ಈ ಸೌಜನ್ಯವಿರಲಿಲ್ಲ. ಅದು ಸುಚೇತಾ ಕುಳಿತ ಕುರ್ಚಿಯಿಂದ ಎದ್ದುಹೋಗುತ್ತಿತ್ತು. ಅವಳು ಕರೆದರೆ ಬಾಗಿಲಿನ ಕಡೆ ನೋಡುತ್ತಿತ್ತು, ಯಾರೋ ಬರಬೇಕಾದವರು ಇನ್ನೂ ಬಂದಿಲ್ಲ ಎಂಬಂತೆ.

*

"ನೀವು ಆಹಾರದವರು ಎಲ್ಲ ಒಂದೇ," ಎಂದಳು ಮುಮ್ತಾಝ್. ಪ್ರಯೋಗಾಲಯದ ಗಂಧ ವಿಭಾಗದ ಎಂಜಿನಿಯರ್ ಅವಳು, ಸುಚೇತಾಳ ಓರಗೆಯವಳು. "ಬೆಕ್ಕಿಗೆ ಎಂತ ಬೇಕು ಅಂತ ನಿಮಗೇ ಗೊತ್ತು ಅಂದುಕೊಂಡು ಹಾಕುದು. ಅದರ ಹತ್ರ ಒಂದು ಮಾತು ಕೇಳಿದ್ದೀಯಾ?"

"ಕೇಳಿದ್ರೆ ಹೇಳ್ತದಾ?"

"ಇದು ಇದ್ರೆ ಹೇಳ್ತದೆ."

ಮೇಜಿನ ಮೇಲೆ ಎರಡು ವಸ್ತುಗಳಿದ್ದವು. ಒಂದು ಬೆರಳಗಲದ ಮೃದುವಾದ ಪಟ್ಟಿ. ಬೆಕ್ಕಿನ ಕಿವಿಗಳ ನಡುವೆ ಅಂಟಿಸಿದರೆ, ಮೂಗಿನ ಹಿಂದಿರುವ ಘ್ರಾಣಕೇಂದ್ರದಲ್ಲಿ ಏಳುವ ವಿದ್ಯುತ್ ಅಲೆಗಳನ್ನು ಅದು ಓದುತ್ತಿತ್ತು. ವಾಸನೆಯೊಂದು ಮೂಗಿಗೆ ಬಡಿದಾಗ ಬೆಕ್ಕಿನೊಳಗೆ 'ಬೇಕು' ಎಂಬ ಅಲೆ ಏಳುತ್ತದೋ 'ಬೇಡ' ಎಂಬ ಅಲೆಯೋ, ಎಷ್ಟು ಎತ್ತರಕ್ಕೆ ಏಳುತ್ತದೆ ಎಂಬುದೆಲ್ಲ ಪರದೆಯ ಮೇಲೆ ಗೆರೆಯಾಗಿ ಮೂಡುತ್ತಿತ್ತು. ಎರಡನೆಯದು ಉಕ್ಕಿನ ಬಟ್ಟಲು. ಅದರ ದಪ್ಪ ತಳದೊಳಗೆ ನೂರಾರು ಸೂಕ್ಷ್ಮ ಕೋಶಗಳಿದ್ದು, ಒಂದೊಂದರಲ್ಲಿ ಒಂದೊಂದು ಗಂಧದ್ರವ್ಯವಿತ್ತು. ಬಟ್ಟಲು ಮೊದಲು ಯಾವುದೋ ಒಂದು ಮಿಶ್ರಣವನ್ನು ಆಹಾರದ ಮೇಲೆ ಮಂಜಿನಂತೆ ಹರಡುತ್ತದೆ. ಬೆಕ್ಕಿನ ಅಲೆ ಏರಿದರೆ ಅದೇ ದಿಕ್ಕಿನಲ್ಲಿ ಇನ್ನೊಂದು ಹೆಜ್ಜೆ, ಇಳಿದರೆ ಹಿಂದಕ್ಕೆ. ಕತ್ತಲೆಯಲ್ಲಿ ಗೋಡೆ ತಡವುತ್ತ ಸ್ವಿಚ್ಚು ಹುಡುಕುವ ಕೈಯ ಹಾಗೆ, ಊಟದಿಂದ ಊಟಕ್ಕೆ ಅದು ಬೆಕ್ಕಿನ ಬಯಕೆಯ ಹತ್ತಿರ ಹತ್ತಿರ ಸರಿಯುತ್ತದೆ.

"ಆಹಾರ ನಿನ್ನದೇ, ಒಂದು ಗ್ರಾಂ ಆಚೀಚೆ ಇಲ್ಲ," ಎಂದಳು ಮುಮ್ತಾಝ್. "ಈ ಗಂಧದ್ರವ್ಯದಿಂದ ಮೂತ್ರಪಿಂಡಕ್ಕೆ ಭಾರವೂ ಇಲ್ಲ. ಮೂಗಿಗೆ ಮಾತ್ರ ಸುಳ್ಳು ಹೇಳುದು. ನಿನ್ನ ಬೂತಾಯಿ ಬಹುಶಃ ಬೂತಾಯಿಯನ್ನೇ ಕೇಳೀತು."

"ನನ್ನದಲ್ಲ," ಎಂದಳು ಸುಚೇತಾ, ತನಗೇ ಕೇಳಿಸದಷ್ಟು ಮೆಲ್ಲಗೆ.

*

ಬಟ್ಟಲು ಮೊದಲು ಮೀನಿನ ಕಡೆಗೇ ಹೋಯಿತು. ಅಡುಗೆಮನೆಯಲ್ಲಿ ಬಂಗುಡೆಯ ವಾಸನೆ ಎದ್ದು, ಕಮಲಮ್ಮ ಗ್ಯಾಸಿನ ಮೇಲೆ ಏನೋ ಬಿಟ್ಟುಬಂದೆನೆಂದು ಓಡಿಬಂದರು. ಬೆಕ್ಕಿನ ಅಲೆ ತುಸು ಏರಿ ಅಲ್ಲೇ ನಿಂತಿತು. ಬಟ್ಟಲು ಆ ದಾರಿಯನ್ನು ಬಿಟ್ಟು ಹಾಲಿನ ಕಡೆ ಹೊರಳಿತು, ಅಲ್ಲಿಂದ ಕೋಳಿಯ ಕೊಬ್ಬಿನತ್ತ, ಆಮೇಲೆ ಹೆಸರಿಲ್ಲದ ಎತ್ತೆತ್ತಲೋ. ಒಂದು ದಿನ ಅಡುಗೆಮನೆ ಒದ್ದೆ ಚಾಪೆಯಂತೆ ನಾರಿತು. ಮರುದಿನ ಯಾವ ವಾಸನೆಯೂ ಇಲ್ಲವೆನಿಸಿತು, ಆದರೆ ಪರದೆಯ ಮೇಲೆ ಗೆರೆ ಮೇಲಕ್ಕೆ ತೆವಳುತ್ತಿತ್ತು. ಬೂತಾಯಿ ನೆಲ ಕೆರೆಯುವುದನ್ನು ನಿಲ್ಲಿಸಿತು. ಬಟ್ಟಲಿನೆದುರು ಕುಳಿತು ಕಣ್ಣು ಅರೆಮುಚ್ಚಿ ಬರಿದೆ ಮೂಸತೊಡಗಿತು.

ಆ ವಾರದ ಕೊನೆಗೆ, ಬೆಳಿಗ್ಗೆ, ಅದು ತಿಂದಿತು. ಚಪ್ಪರಿಸಿಕೊಂಡು, ಬಟ್ಟಲಿನ ಅಂಚನ್ನೂ ಬಿಡದೆ ನೆಕ್ಕಿ, ಆಮೇಲೆ ಸುಚೇತಾ ಆ ಮನೆಯಲ್ಲಿ ಒಮ್ಮೆಯೂ ಕೇಳಿರದ ದನಿಯಲ್ಲಿ ಗುರುಗುಟ್ಟಿತು. ಸುಚೇತಾ ಫ್ರಿಜ್ಜಿಗೆ ಆತುಕೊಂಡು ನಿಂತು ಕಣ್ಣೊರೆಸಿಕೊಂಡಳು. ಪ್ರಯೋಗಾಲಯಕ್ಕೆ ಫೋನು ಮಾಡಿ "ತಿಂದಿತು, ಪೂರ್ತಿ ತಿಂದಿತು" ಎಂದಾಗ ಆಚೆಯಿಂದ ಮುಮ್ತಾಝ್ ಕೂಗಿದ್ದು ಅತ್ತೆಗೂ ಕೇಳಿಸಿತು. ಆದರೆ ಅತ್ತೆ ಯಾಕೋ ಆ ದಿನ ಒಂದು ಕೊಂಕು ಮಾತನ್ನೂ ಆಡಲಿಲ್ಲ. ತುರಿಮಣೆಯ ಮೇಲೆ ಸುಮ್ಮನೆ ಕುಳಿತಿದ್ದರು.

ಸಂಜೆ ದಯಾಕರ ಕೆಲಸದಿಂದ ಬಂದ. ಬಂದರಿನ ಕ್ರೇನುಗಳ ನಿಯಂತ್ರಣ ಕೊಠಡಿಯಲ್ಲಿ ದಿನವಿಡೀ ಪರದೆ ನೋಡುವ ಅವನು ಮನೆಗೆ ಬಂದರೆ ಮೊದಲು ಕಣ್ಣಿಗೆ ನೀರು ಹಾಕಿಕೊಳ್ಳುವುದು ವಾಡಿಕೆ. ಆ ದಿನ ಬಚ್ಚಲಿಗೆ ಹೋಗುವ ದಾರಿಯಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದವನು ಅಲ್ಲೇ ನಿಂತುಬಿಟ್ಟ.

"ಯಾರು ಬಂದದ್ದು?" ಎಂದು ಕೇಳಿದ.

"ಯಾರೂ ಬರ್ಲಿಲ್ಲವಲ್ಲ," ಎಂದಳು ಸುಚೇತಾ. "ಒಂದು ಸುದ್ದಿ ಉಂಟು. ಬೂತಾಯಿ—"

ಅವನು ಕೇಳುತ್ತಿರಲಿಲ್ಲ. ಮೆಲ್ಲನೆ ಒಳಗೆ ಬಂದು, ಬೆಕ್ಕಿನ ಪಕ್ಕದಲ್ಲಿ ಮೊಣಕಾಲೂರಿ, ಬಟ್ಟಲಿನ ಮೇಲೆ ಬಾಗಿದ. ಅವನ ಬೆನ್ನು ಮಾತ್ರ ಅವಳಿಗೆ ಕಾಣುತ್ತಿತ್ತು. ಉಸಿರೆಳೆದಾಗ ಆ ಬೆನ್ನು ಉಬ್ಬಿತು, ಮತ್ತೆ ಎಷ್ಟೋ ಹೊತ್ತು ಇಳಿಯಲಿಲ್ಲ.

"ನನಗೂ ಬೆಳಿಗ್ಗೆಯಿಂದ ಹಾಗೇ ಆಗ್ತಾ ಉಂಟು, ದಯಾ," ಎಂದರು ಕಮಲಮ್ಮ ಹಿಂದಿನಿಂದ. "ಮಂಡೆ ಸರಿ ಇಲ್ಲ ಅಂತ ಸುಮ್ಮನಿದ್ದೆ."

"ಜಲಜನ ಕೈಯ ವಾಸನೆ," ಎಂದ ದಯಾಕರ.

ಅವಳೆದುರು ಅವನು ಆ ಹೆಸರನ್ನು ಹೇಳಿದ್ದು ಅದೇ ಮೊದಲು.

*

ಮರುದಿನ ಸುಚೇತಾ ಆ ಮಿಶ್ರಣದ ಒಂದು ಹನಿಯನ್ನು ಪ್ರಯೋಗಾಲಯದ ವಿಶ್ಲೇಷಕದಲ್ಲಿ ಹರಿಯಬಿಟ್ಟಳು. ಒಂದೊಂದೇ ಘಟಕ ಬೇರ್ಪಟ್ಟು ಪರದೆಯ ಮೇಲೆ ಮೊನೆಮೊನೆಯಾಗಿ ಎದ್ದಿತು. ಮನುಷ್ಯರ ಅಂಗೈ ಬೆವರಿನ ಕೊಬ್ಬಿನಾಮ್ಲಗಳು. ಅವುಗಳ ಪ್ರಮಾಣ ಒಬ್ಬೊಬ್ಬರಲ್ಲಿ ಒಂದೊಂದು ಬಗೆ, ಬೆರಳಚ್ಚಿನ ಹಾಗೆ. ತುಸು ಹಳತಾದ ತೆಂಗಿನೆಣ್ಣೆ. ಅಕ್ಕಿ ತೊಳೆದ ನೀರು. ಎಲ್ಲಕ್ಕಿಂತ ಮೇಲೆ ಒಂದು ಹುಳಿ, ಹಣ್ಣಿನದು.

"ಪುನರ್ಪುಳಿಯಾ?" ಎಂದು ಆ ಸಂಜೆ ಅತ್ತೆಯನ್ನು ಕೇಳಿದಳು.

ಕಮಲಮ್ಮ ಮುಖ ತಗ್ಗಿಸಿದರು. "ಬೇಸಗೆ ಇಡೀ ಅವಳಿಗೆ ಅದೇ ಕೆಲಸ. ಸಿಪ್ಪೆ ಬಿಡಿಸಿ ಟೆರೇಸಿನಲ್ಲಿ ಒಣಗಿಸುದು, ಬೀದಿಗಿಡೀ ಹಂಚುದು. ಅಂಗೈ ಯಾವಾಗಲೂ ಕೆಂಪು. ಆ ಕೈಯಲ್ಲೇ ಬೆಕ್ಕಿಗೆ ಅನ್ನ ಕಲಸುದು." ಆಮೇಲೆ ತಡೆದು, "ನೀನು ಕೇಳಿದಿ ಅಂತ ಹೇಳಿದೆ ಮಗಾ," ಎಂದರು.

ಯಾವ ಬಟ್ಟೆಯಲ್ಲೂ ಪೆಟ್ಟಿಗೆಯಲ್ಲೂ ಉಳಿಯದೇ ಹೋದದ್ದು ಒಂದು ಬೆಕ್ಕಿನ ತಲೆಯೊಳಗೆ ಉಳಿದಿತ್ತು. ಬಟ್ಟಲು ಅದನ್ನು ಅಲ್ಲಿಂದ ಅಣು ಅಣುವಾಗಿ ಹೆಕ್ಕಿ ಹೊರಗೆ ತಂದಿತ್ತು. ವಿಜ್ಞಾನಿಯಾಗಿ ಸುಚೇತಾಳಿಗೆ ರೋಮಾಂಚನವಾಗಬೇಕಿತ್ತು. ಆಯಿತು ಕೂಡ, ಆದರೆ ಆ ರೋಮಾಂಚನ ಹೊಟ್ಟೆಗಿಳಿಯುವಷ್ಟರಲ್ಲಿ ಹುಳಿಯಾಗಿತ್ತು.

ದಯಾಕರ ಬೆಕ್ಕಿನ ಊಟದ ಕೆಲಸವನ್ನು ತಾನು ವಹಿಸಿಕೊಂಡ. ಅದುವರೆಗೆ ಬೂತಾಯಿಯ ಬಟ್ಟಲು ಎಲ್ಲಿದೆಯೆಂಬುದೂ ಅವನಿಗೆ ಗೊತ್ತಿರಲಿಲ್ಲ. ಈಗ ಪಾಳಿ ಮುಗಿದ ಕೂಡಲೇ ಮನೆಗೆ ಬರುತ್ತಿದ್ದ. ದಾರಿಯಲ್ಲಿ ಗೆಳೆಯರೊಡನೆ ಚಹಾ ಕುಡಿಯುವುದು ನಿಂತಿತು. ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ, ಬಟ್ಟಲನ್ನು ತೊಡೆಯ ಮೇಲಿಟ್ಟು, ಬೆಕ್ಕಿಗೆ ತುತ್ತು ತುತ್ತಾಗಿ ತಿನ್ನಿಸುತ್ತಿದ್ದ. ಬೆಕ್ಕಿನ ಮೈ ತುಂಬಿಕೊಂಡಿತು. ರಕ್ತದ ಯೂರಿಯಾ ಇಳಿಯಿತು. ಅವಳ ಆಹಾರ ಅವಳು ಬರೆದ ಲೆಕ್ಕದಂತೆಯೇ ಕೆಲಸ ಮಾಡುತ್ತಿತ್ತು. ಮನೆಯಲ್ಲಿ ಯಾರಿಗೂ ಅದರ ನೆನಪಿರಲಿಲ್ಲ.

ಒಂದು ಸಂಜೆ ಅವಳು ಬಾಗಿಲ ಮರೆಯಿಂದ ನೋಡಿದಳು. ಬೆಕ್ಕು ತಿಂದು ಹೋಗಿತ್ತು. ಅವನು ಬೆರಳುಗಳನ್ನು ತೊಳೆದಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ, ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ಕುಳಿತಿದ್ದ. ಅಂಥ ಬಿಡುವು, ಅಂಥ ನೆಮ್ಮದಿ ಆ ಮುಖದಲ್ಲಿ ಅವಳ ಪಕ್ಕದಲ್ಲಿದ್ದಾಗ ಒಂದು ದಿನವೂ ಕಂಡಿರಲಿಲ್ಲ.

"ಊಟಕ್ಕೆ ಬನ್ನಿ," ಎಂದಳು.

"ಹಾಂ," ಎಂದ ಅವನು, ಕೈ ಇಳಿಸಿ. ಕದ್ದು ಸಿಕ್ಕಿಬಿದ್ದವನ ಹಾಗೆ ನಕ್ಕ. ಆ ನಗು ಅವಳನ್ನು ಇನ್ನಷ್ಟು ಸುಟ್ಟಿತು.

*

"ಸತ್ತವರ ಮೇಲೆ ಹೊಟ್ಟೆಕಿಚ್ಚಾ ಮಾರಾಯ್ತಿ?" ಎಂದಳು ಮುಮ್ತಾಝ್. ಕ್ಯಾಂಟೀನಿನ ಹೊರಗೆ ಇಬ್ಬರೂ ಚಹಾ ಹಿಡಿದು ನಿಂತಿದ್ದರು.

"ಬದುಕಿದ್ರೆ ಜಗಳ ಮಾಡಬಹುದಿತ್ತು," ಎಂದಳು ಸುಚೇತಾ. "ನನಗಿಂತ ಅಡುಗೆ ಕೆಟ್ಟದಾಗಿ ಮಾಡ್ತಾಳೆ ಅಂತ ಯಾರಾದರೂ ಹೇಳ್ತಿದ್ರು. ದಪ್ಪ ಆಗ್ತಿದ್ದಳು. ಇವಳಿಗೆ ಎಂತ ಆಗ್ತದೆ? ಒಂದು ಕೈ ಮಾತ್ರ ಉಂಟು. ಕೈ ಯಾವಾಗಲೂ ಒಳ್ಳೆಯದೇ."

ಮುಮ್ತಾಝ್ ನಗಲು ಹೋಗಿ, ಅವಳ ಮುಖ ನೋಡಿ ಲೋಟ ಕೆಳಗಿಟ್ಟಳು. "ಬೆಕ್ಕು ತಿನ್ತಾ ಉಂಟಲ್ಲ. ಈಗ ಎಂತದೂ ಮುಟ್ಟಬೇಡ."

ಸುಚೇತಾ ಮುಟ್ಟಿದಳು. ಅದಕ್ಕೆ ಅವಳ ಬಳಿ ಗೌರವಾನ್ವಿತವಾದ ಒಂದು ಕಾರಣವೂ ಇತ್ತು. ಒಂದು ಅಂಶದಿಂದಲೇ ಫಲ ಬಂದಿತೆಂದು ಸಾಧಿಸಬೇಕಾದರೆ ಆ ಅಂಶವನ್ನು ತೆಗೆದು ನೋಡಬೇಕು. ಇದು ಪ್ರಯೋಗಶಾಸ್ತ್ರದ ಮೊದಲ ಪಾಠ. ಬೆಕ್ಕು ಈಗ ಆಹಾರಕ್ಕೆ ಒಗ್ಗಿರಬಹುದು, ಗಂಧದ ಊರುಗೋಲು ಬೇಕಿಲ್ಲದಿರಬಹುದು. ಬೆಳಿಗ್ಗೆ ಬಟ್ಟಲಿನ ಆದೇಶಪಟ್ಟಿ ತೆರೆದು, ಅಂಗೈಯ ಆಮ್ಲಗಳು, ಎಣ್ಣೆ, ಅಕ್ಕಿನೀರು, ಪುನರ್ಪುಳಿ ಎಲ್ಲವನ್ನೂ ಮುಚ್ಚಿದಳು. ಬಟ್ಟಲು ಹೊಸ ದಾರಿ ಹುಡುಕದಂತೆ ಅದರ ಹುಡುಕಾಟಕ್ಕೂ ಬೀಗ ಹಾಕಿದಳು.

ಆ ಸಂಜೆ ದಯಾಕರ ಬಟ್ಟಲಿನ ಮೇಲೆ ಬಾಗಿ, ತಲೆಯೆತ್ತಿ, "ಇವತ್ತು ಇಲ್ಲವಲ್ಲ?" ಎಂದ.

"ಕೋಶ ಖಾಲಿಯಾಗಿದೆ," ಎಂದಳು ಅವಳು. "ತರಿಸಬೇಕು."

ಬೂತಾಯಿ ಮೂಸಿ, ಬಾಗಿಲ ಕಡೆ ನೋಡಿ, ಹೊರಟುಹೋಯಿತು. ಮರುದಿನವೂ ತಿನ್ನಲಿಲ್ಲ. ಅದರ ಮರುದಿನ ನೀರನ್ನೂ ಬಿಟ್ಟಿತು. ಬಟ್ಟೆ ತೊಳೆಯುವ ಯಂತ್ರದ ಹಿಂದೆ ಹೋಗಿ ಕುಳಿತು ತುಟಿ ನೆಕ್ಕಿಕೊಳ್ಳುತ್ತಿತ್ತು. ಬಾಯಿಯ ತುದಿಯಲ್ಲಿ ಜೊಲ್ಲು ದಾರದಂತೆ ಇಳಿಯುತ್ತಿತ್ತು. ಎತ್ತಿಕೊಂಡು ಬೆನ್ನ ಚರ್ಮ ಹಿಡಿದೆಳೆದರೆ ಅದು ಎತ್ತಿದಂತೆಯೇ ನಿಲ್ಲುತ್ತಿತ್ತು. ಪ್ರಯೋಗಾಲಯದಲ್ಲಿ ಅದರ ರಕ್ತ ಪರೀಕ್ಷಿಸಿದಾಗ, ಇಳಿದಿದ್ದ ಯೂರಿಯಾ ಹಿಂದೆಂದಿಗಿಂತ ಮೇಲಕ್ಕೆ ಹೋಗಿತ್ತು. ಸುಚೇತಾ ಆ ಸಂಖ್ಯೆಯನ್ನು ನೋಡಿದಳು. ಆ ಸಂಖ್ಯೆಯ ಮುಂದೆ ಬೆಕ್ಕು ಉಳಿಯುವ ಸಾಧ್ಯತೆ ಎಷ್ಟು ಎಂಬುದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಇರಲಿಲ್ಲ.

"ಕೊಲ್ತಾ ಇದ್ದೇನೆ," ಎಂಬ ಮಾತು ಅವಳ ತಲೆಯಲ್ಲಿ ಅಷ್ಟೇ ಸ್ಪಷ್ಟವಾಗಿ ಮೂಡಿತು.

ಅವಳು ಮನೆಗೆ ಓಡಿದಳು. ಮುಚ್ಚಿದ್ದನ್ನೆಲ್ಲ ತೆರೆದಳು. ಸಾಲದೆಂದು ಪ್ರಮಾಣವನ್ನು ದುಪ್ಪಟ್ಟು ಮಾಡಿದಳು. ಅಡುಗೆಮನೆಯ ತುಂಬ ಜಲಜಾಕ್ಷಿಯ ಕೈ ಹರಡಿಕೊಂಡಿತು. ಬೂತಾಯಿ ತೆವಳಿಕೊಂಡು ಹೊರಬಂದಿತು. ಬಟ್ಟಲಿಗೆ ಬಾಯಿಟ್ಟು ಒಮ್ಮೆ, ಎರಡು ಬಾರಿ ನೆಕ್ಕಿತು. ಸುಚೇತಾ ಉಸಿರು ಬಿಡುವಷ್ಟರಲ್ಲಿ ಅದರ ಹೊಟ್ಟೆ ಹಿಂಡಿತು. ಹಳದಿ ನೊರೆ ನೆಲದ ಮೇಲೆ ಬಿತ್ತು. ಮತ್ತೆ ಬಂದು ನೆಕ್ಕಿತು, ಮತ್ತೆ ವಾಂತಿ ಮಾಡಿತು. ಅವಳು ಬಟ್ಟಲನ್ನು ಅದರ ಮುಂದೆ ಮತ್ತೆ ಮತ್ತೆ ಸರಿಸುತ್ತಲೇ ಇದ್ದಳು. "ತಿನ್ನು, ಇದು ನಿನ್ನದೇ, ತಿನ್ನು," ಎನ್ನುತ್ತಿದ್ದಳು.

ಬೆಕ್ಕು ಸಾಕುವವರಿಗಾಗಿ ಪ್ರಯೋಗಾಲಯ ಹಂಚುತ್ತಿದ್ದ ಕರಪತ್ರದ ಮೊದಲ ಸೂಚನೆ ಅವಳದೇ ಬರವಣಿಗೆ: ವಾಕರಿಕೆ ಇರುವಾಗ ಬೆಕ್ಕಿಗೆ ಅದರ ಪ್ರೀತಿಯ ಆಹಾರವನ್ನು ಕೊಡಬಾರದು, ಹೊಟ್ಟೆಯ ಸಂಕಟಕ್ಕೆ ಆ ಆಹಾರವೇ ಕಾರಣವೆಂದು ಅದು ತಿಳಿಯುತ್ತದೆ, ಆಮೇಲೆ ಎಂದೂ ಕ್ಷಮಿಸುವುದಿಲ್ಲ, ಮೊದಲು ವಾಕರಿಕೆ ನಿಲ್ಲಿಸಿ, ಆಮೇಲೆ ಬಟ್ಟಲು. ಸಭೆಗಳಲ್ಲಿ ಅವಳು ಈ ವಾಕ್ಯವನ್ನು ಎಷ್ಟು ಸಲ ಹೇಳಿದ್ದಳೆಂದರೆ, ಮುಮ್ತಾಝ್ ಅದನ್ನು ಅವಳ ದನಿಯಲ್ಲೇ ಅಣಕಿಸುತ್ತಿದ್ದಳು. ಆ ಮಧ್ಯಾಹ್ನ ಅದರ ಒಂದಕ್ಷರವೂ ಅವಳಿಗೆ ನೆನಪಾಗಲಿಲ್ಲ.

*

ಪ್ರಯೋಗಾಲಯದ ಚಿಕಿತ್ಸಾ ಕೊಠಡಿಯಲ್ಲಿ ವಾಕರಿಕೆಗೆ ಚುಚ್ಚುಮದ್ದು ಕೊಟ್ಟರು, ಚರ್ಮದಡಿಗೆ ಸಲೈನು ಹರಿಸಿದರು. ಬೆಕ್ಕು ಉಳಿಯಿತು. ಮೂರನೆಯ ದಿನ ತಲೆಯೆತ್ತಿ ಸುತ್ತ ನೋಡಿತು, ಪಂಜ ನೆಕ್ಕಿಕೊಂಡಿತು. ಅದಕ್ಕೆ ಹಸಿವಾಗಿತ್ತು.

ಮುಮ್ತಾಝ್ ಪಟ್ಟಿ ಅಂಟಿಸಿ ಬಟ್ಟಲನ್ನು ಅದರ ಮುಂದಿಟ್ಟಳು. ಗೆರೆ ಏರಲಿಲ್ಲ. ನೆಟ್ಟಗೆ ಕೆಳಗೆ ಬಿದ್ದಿತು. ಬೂತಾಯಿ ಕಿವಿ ಹಿಂದಕ್ಕೆ ಮಡಿಸಿ, ಗೋಡೆಗೆ ಒತ್ತಿಕೊಂಡು ಕುಳಿತಿತು.

"ಅಲೆ ತಿರುಗಿ ನಿಂತಿದೆ," ಎಂದಳು ಮುಮ್ತಾಝ್. ಮತ್ತೊಮ್ಮೆ ಪರೀಕ್ಷಿಸಿದಳು. "ಇಷ್ಟು ದೊಡ್ಡ 'ಬೇಡ' ನಾನು ಯಾವ ಬೆಕ್ಕಿನಲ್ಲೂ ನೋಡ್ಲಿಲ್ಲ. ಎಂತ ಮಾಡಿದಿ ನೀನು?"

ಸುಚೇತಾ ಹೇಳಿದಳು. ಕ್ರಮವಾಗಿ, ಯಾವುದರ ನಂತರ ಯಾವುದು ಎಂದು ವರದಿ ಒಪ್ಪಿಸುವಂತೆ ಹೇಳಿದಳು. ಮುಮ್ತಾಝ್ ಬೈಯಲಿಲ್ಲ. ಬಟ್ಟಲನ್ನು ಎತ್ತಿ ದೂರವಿಟ್ಟು, "ಇನ್ನು ಇದು ಆ ಕಡೆ ಹೋಗುದಿಲ್ಲ. ನಿನಗೆ ಬೇಕಾದ್ದು ಆಯ್ತಲ್ಲ?" ಎಂದಳಷ್ಟೆ.

ಮನೆಯಲ್ಲಿ ಮರುದಿನ ಬೆಳಿಗ್ಗೆ ಸುಚೇತಾ ಆಹಾರವನ್ನು ಉಗುರುಬೆಚ್ಚಗೆ ಮಾಡಿ, ಯಾವ ಗಂಧವನ್ನೂ ಸೇರಿಸದೆ, ತನ್ನ ತೋರುಬೆರಳಿನ ತುದಿಗೆ ಸವರಿಕೊಂಡು ಚಾಚಿದಳು. ಬೇರೆ ದಾರಿ ತೋಚದೆ ಮಾಡಿದ್ದು. ಬೂತಾಯಿ ಬಹಳ ಹೊತ್ತು ಆ ಬೆರಳನ್ನು ನೋಡಿತು. ಪ್ರಯೋಗಾಲಯದ ಸಾಬೂನು, ಸ್ಪಿರಿಟ್ಟು, ರಬ್ಬರಿನ ಕೈಗವಸು — ಅವಳ ಕೈಗೆ ಇದ್ದದ್ದು ಆ ವಾಸನೆ. ಬೆಕ್ಕು ಒರಟು ನಾಲಿಗೆಯಿಂದ ಒಮ್ಮೆ ನೆಕ್ಕಿತು. ಆಮೇಲೆ ಇನ್ನೊಮ್ಮೆ. ಬೆರಳು ಖಾಲಿಯಾದಾಗ ತಲೆಯಿಂದ ಅವಳ ಅಂಗೈಯನ್ನು ನೂಕಿ ಮತ್ತೆ ಕೇಳಿತು.

ಎರಡು ವರ್ಷ ಅವಳು ಕಾದದ್ದು ಇದಕ್ಕೆ. ಅವಳು ಉಣಿಸುತ್ತ ಹೋದಳು. ಅದನ್ನು ಸಂತೋಷವೆಂದು ಹೇಳುವ ಧೈರ್ಯ ಅವಳಿಗಾಗಲಿಲ್ಲ.

ಸಂಜೆ ದಯಾಕರ ಬೇಗ ಬಂದ. "ಹುಷಾರಾಗಿದೆಯಂತೆ, ಅಮ್ಮ ಫೋನು ಮಾಡಿದ್ರು," ಎನ್ನುತ್ತ ನೆಲದ ಮೇಲೆ ಕುಳಿತು, ಬಟ್ಟಲನ್ನು ತೊಡೆಗೆಳೆದುಕೊಂಡು ಗುಂಡಿಯೊತ್ತಿದ. ಸುಚೇತಾ "ಬೇಡ" ಎನ್ನುವಷ್ಟರಲ್ಲಿ ವಾಸನೆ ಎದ್ದಿತ್ತು. ಅವನ ಮುಖ ಅರಳಿತು. "ಬಾ ಬೂತಾಯಿ, ಬಾ ಮಗಾ."

ಬೂತಾಯಿ ಬೆನ್ನು ಕಮಾನು ಮಾಡಿ ಅವನಿಂದ ದೂರ ಸರಿಯಿತು. ಅಡುಗೆಮನೆಯನ್ನು ಸುತ್ತು ಹಾಕಿ, ಸುಚೇತಾಳ ಕಾಲಿನ ಹಿಂದೆ ಬಂದು ನಿಂತಿತು.

ಅವನು ಮತ್ತೆ ಕರೆದ. ಬಟ್ಟಲನ್ನು ಮುಂದೆ ಚಾಚಿದ. ಬೆಕ್ಕು ನೆಲ ಕೆರೆಯತೊಡಗಿತು.

ಕಮಲಮ್ಮ ಎದ್ದು ಹಜಾರಕ್ಕೆ ಹೋದರು.

"ಇದಕ್ಕೂ ಬೇಡವಾಯ್ತಾ," ಎಂದ ದಯಾಕರ. ಯಾರನ್ನೂ ಕೇಳಿದ್ದಲ್ಲ. ಬಟ್ಟಲನ್ನು ಕೆಳಗಿಟ್ಟು, ತಲೆಯೆತ್ತದೆ, "ಕೋಶ ಖಾಲಿಯಾದದ್ದಲ್ಲ, ಅಲ್ವಾ?" ಎಂದ.

"ಅಲ್ಲ."

"ನೀನು ತೆಗೆದದ್ದು."

"ಹೌದು." ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ಬಚ್ಚಿಡುವುದು ಅವಳಿಗೆ ಅಸಹ್ಯವೆನಿಸಿತು. "ನೀವು ಬೆರಳು ಮೂಸ್ತಾ ಕೂತದ್ದು ನೋಡಿದೆ. ನನ್ನಿಂದ ಆಗ್ಲಿಲ್ಲ. ತೆಗೆದೆ. ಬೆಕ್ಕು ಬಿದ್ದುಹೋಯ್ತು. ಹೆದರಿ ಪುನಃ ಹಾಕಿದೆ, ಹಾಕಬಾರದ ಹೊತ್ತಿನಲ್ಲಿ. ಈಗ ಅದಕ್ಕೆ ಅವಳ ವಾಸನೆ ಅಂದ್ರೆ ವಾಂತಿಯ ನೆನಪು. ಅದನ್ನು ಸರಿ ಮಾಡ್ಲಿಕ್ಕೆ ಬರುದಿಲ್ಲ."

ಅವನು ಸಿಟ್ಟಾಗುತ್ತಾನೆಂದು ಕಾದಳು. ಸಿಟ್ಟಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

"ಮುಖ ಮರೆತುಹೋಗ್ತಾ ಇತ್ತು ನನಗೆ," ಎಂದ ಅವನು. "ಫೋಟೋ ನೋಡಿದ್ರೆ ಫೋಟೋದ್ದೇ ನೆನಪಾಗ್ತದೆ. ನಿನ್ನ ಹತ್ರ ಅದನ್ನು ಹೇಗೆ ಹೇಳುದು?" ಬಟ್ಟಲಿನ ಅಂಚನ್ನು ಬೆರಳಿನಿಂದ ಒರೆಸಿದ. "ಈ ಬಟ್ಟಲು ಬೆಕ್ಕನ್ನು ಕೇಳಿಕೊಂಡು ಮಾಡುದಲ್ವಾ. ಬೆಕ್ಕಿಗೇ ಬೇಡ ಅಂದ್ರೆ ಇನ್ನು ಅದೂ ಮರೀತದೆ. ಪುನಃ ಮಾಡ್ಲಿಕ್ಕೆ ಬರ್ತದಾ?"

ಬರುವುದಿಲ್ಲ ಎಂದರೆ ಮುಗಿಯುತ್ತಿತ್ತು. ಅವನು ನಂಬುತ್ತಿದ್ದ. ನಂಬಲು ಬೇಕಾದ ಕಾರಣವನ್ನೂ ಅವನೇ ಈಗಷ್ಟೇ ಒದಗಿಸಿದ್ದ. ಬೆಕ್ಕು ಬೇಡವೆಂದಿತ್ತು, ನಾಲ್ಕು ಊಟ ಕಳೆದರೆ ಬಟ್ಟಲೂ ಮರೆಯುತ್ತಿತ್ತು. ಆಮೇಲೆ ಜಲಜಾಕ್ಷಿಯ ಕೈ ಲೋಕದಲ್ಲಿ ಉಳಿಯುವುದು ಒಂದೇ ಕಡೆ, ಸುಚೇತಾಳ ತಲೆಯೊಳಗೆ. ಯಾವ ಆಮ್ಲ ಎಷ್ಟು, ಎಣ್ಣೆ ಎಷ್ಟು ಹಳತು, ಹುಳಿ ಎಷ್ಟು ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ದ್ವೇಷಿಸುತ್ತ ದ್ವೇಷಿಸುತ್ತ ಅದನ್ನು ಕಲಿತುಬಿಟ್ಟಿದ್ದಳು.

ಬೆಕ್ಕು ಅವಳ ಹಿಮ್ಮಡಿಗೆ ತಲೆಯೊರೆಸಿತು.

"ಬರ್ತದೆ," ಎಂದಳು ಸುಚೇತಾ. "ನೀವು ಕೇಳಿದ ದಿನ ಮಾಡಿಕೊಡ್ತೇನೆ."

ದಯಾಕರ ಅವಳನ್ನು ನೋಡಿದ. ಮದುವೆಯಾದಂದಿನಿಂದ ಅಷ್ಟು ಹೊತ್ತು ಅವಳನ್ನೇ ನೋಡಿದ್ದು ಇಲ್ಲವೇನೋ. ಆಮೇಲೆ ಎದ್ದು, ಬಟ್ಟಲನ್ನು ಸಿಂಕಿನಲ್ಲಿಟ್ಟು ನೀರು ಬಿಟ್ಟ.

"ಇರಲಿ," ಎಂದ. "ಬೇಕು ಅಂತ ಅನಿಸಿದ್ರೆ ಕೇಳ್ತೇನೆ."

ಮಳೆಗಾಲ ಕಳೆಯಿತು. ಬೂತಾಯಿಯ ರಕ್ತದ ಅಂಕಿಗಳು ಒಂದೇ ಕಡೆ ನಿಂತಿವೆ. ಆ ವಯಸ್ಸಿನ ಬೆಕ್ಕಿಗೆ ಅದೇ ದೊಡ್ಡ ಆರೋಗ್ಯ. ಅದು ಈಗ ಸುಚೇತಾಳ ಕೈಯಿಂದ ಮಾತ್ರ ತಿನ್ನುತ್ತದೆ, ಅವಳು ಎದ್ದ ಕುರ್ಚಿಯಲ್ಲಿ ಹೋಗಿ ಮಲಗುತ್ತದೆ. "ಗೆದ್ದುಕೊಂಡಿ ನೋಡು ಅದನ್ನು," ಎನ್ನುತ್ತಾರೆ ಅತ್ತೆ. ಸಂಜೆ ದಯಾಕರ ಬಂದು ಕಣ್ಣಿಗೆ ನೀರು ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಾಗಲೆಲ್ಲ ಅವಳ ಕೈ ಬೆಕ್ಕಿನ ಬಾಯಿಯ ಹತ್ತಿರ ತಡೆಯುತ್ತದೆ. ಇವತ್ತು ಕೇಳುತ್ತಾನೆ ಎಂದುಕೊಳ್ಳುತ್ತಾಳೆ. ಅವನು ಚಹಾ ಕೇಳುತ್ತಾನೆ, ಪೇಪರು ಎಲ್ಲಿದೆಯೆಂದು ಕೇಳುತ್ತಾನೆ, ಬೂತಾಯಿ ತಿಂದಿತೇ ಎಂದು ಕೇಳುತ್ತಾನೆ. ಆ ವಾಸನೆಯನ್ನು ಮಾತ್ರ ಇದುವರೆಗೆ ಕೇಳಿಲ್ಲ. ಮರೆತದ್ದರಿಂದ ಕೇಳುತ್ತಿಲ್ಲವೋ, ಕೇಳಬೇಕಾದ ಅಗತ್ಯವೇ ಇಲ್ಲದಷ್ಟು ಚೆನ್ನಾಗಿ ನೆನಪಿರುವುದರಿಂದಲೋ ಎಂಬುದನ್ನು ಮನುಷ್ಯರ ಕಿವಿಯ ಹಿಂದೆ ಅಂಟಿಸಿ ಓದುವ ಪಟ್ಟಿಯನ್ನು ಮುಮ್ತಾಝ್ ಇನ್ನೂ ಮಾಡಿಲ್ಲ. ಮಾಡಿಕೊಡು ಎಂದು ಕೇಳುವ ಧೈರ್ಯ ಸುಚೇತಾಳಿಗೂ ಇಲ್ಲ.